ಎಐ ಉತ್ತರದ ಕೆಳಗೆ ದಾಖಲೆ ನಂಬರ್ ಇದೆ ಅಂತ ನಂಬಿ ಸಹಿ ಹಾಕಬೇಡ್ರಿ. ಅದು ಹೇಗೆ ಬರುತ್ತೆ ಅಂತ ತಿಳಿದುಕೊಳ್ಳಿ

ವಿಜಯಪುರ: ಅರ್ಜಿ ಬರೆಯೋದು, ಸರ್ಕಾರಿ ಆದೇಶದ ಸಾರಾಂಶ ತೆಗೆಯೋದು, ನೋಟಿಸಿಗೆ ಉತ್ತರ ಸಿದ್ಧ ಮಾಡೋದು ಇಂಥ ಕೆಲಸಕ್ಕೆ ಈಗ ಚಾಟ್‌ಜಿಪಿಟಿ, ಜೆಮಿನಿ, ಕೋಪೈಲಟ್ ತರಹದ ಎಐ ಸಹಾಯಕಗಳು ಬಂದಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಮೊಬೈಲ್ ಇದ್ದವರ ಕೈಗೆ ಇವು ಸಿಗುತ್ತವೆ. ಉತ್ತರದ ಪಕ್ಕದಲ್ಲಿ 1, 2, 3 ಅಂತ ನಂಬರ್ ಹಾಕಿ, 'ಈ ಮಾತು ಇಂಥ ದಾಖಲೆಯಲ್ಲಿದೆ' ಅಂತ ತೋರಿಸ್ತವೆ. ನಂಬರ್ ಕಂಡ ಕೂಡಲೇ ನಮಗೂ ಧೈರ್ಯ ಬರುತ್ತೆ. ಆದ್ರೆ ಆ ನಂಬರ್ ಅಂದ್ರೆ ಖಾತ್ರಿ ಅಲ್ಲ.

ಎರಡು ರೀತಿಯ ಉತ್ತರ

ನೀವು ಯಾವ ಕಾಗದವನ್ನೂ ಕೊಡದೆ ಬರೀ ಪ್ರಶ್ನೆ ಕೇಳಿದ್ರೆ, ಎಐ ಕೆಲವೊಮ್ಮೆ ಹಿಂದೆ ಕಲಿತದ್ದರ ಮೇಲೇ ಬರೆಯುತ್ತೆ. ಅದು ಒಂದು ಪದದ ನಂತರ ಯಾವ ಪದ ಬರಬಹುದು ಅಂತ ಅಂದಾಜು ಹಾಕುವ ಯಂತ್ರ. ಹೀಗಾಗಿ ಆದೇಶದ ಸಂಖ್ಯೆ, ದಿನಾಂಕ, ಕೋರ್ಟ್ ತೀರ್ಪಿನ ಹೆಸರು ಎಲ್ಲವನ್ನೂ ನಿಜದ ಹಾಗೇ ಕಟ್ಟಿಬಿಡಬಹುದು.

ಎರಡನೇ ರೀತಿಯಲ್ಲಿ ಅದು ಮೊದಲು ದಾಖಲೆ ಹುಡುಕುತ್ತೆ, ಆಮೇಲೆ ಬರೆಯುತ್ತೆ. ಕಚೇರಿಗಳಲ್ಲಿ ಬಳಸುವ ಸಹಾಯಕಗಳು ಹೆಚ್ಚಾಗಿ ಹೀಗೇ ಕೆಲಸ ಮಾಡ್ತವೆ. ದೊಡ್ಡ ಫೈಲನ್ನು ಸಣ್ಣ ಸಣ್ಣ ತುಣುಕು ಮಾಡಿ ಇಟ್ಟುಕೊಳ್ಳುತ್ತೆ. ನಿಮ್ಮ ಪ್ರಶ್ನೆಗೆ ಹತ್ತಿರ ಅನಿಸಿದ ನಾಲ್ಕಾರು ತುಣುಕು ಎತ್ತಿಕೊಂಡು, ಅವನ್ನಷ್ಟೇ ಓದಿ ಉತ್ತರ ಕೊಡುತ್ತೆ. ಅಂದ್ರೆ 200 ಪುಟದ ಫೈಲ್ ಹಾಕಿದ್ರೂ 200 ಪುಟ ಪೂರ್ತಿ ಓದಿದೆ ಅಂತ ತಿಳೀಬೇಡ್ರಿ. ಇದು ಮೊದಲನೆಯದಕ್ಕಿಂತ ಎಷ್ಟೋ ಮೇಲು, ಆದ್ರೂ ತಪ್ಪಾಗೋಕೆ ದಾರಿ ಇದ್ದೇ ಇದೆ.

ಆಲಮಟ್ಟಿ ಪರಿಹಾರದ ಉದಾಹರಣೆ

ಆಲಮಟ್ಟಿ ಜಲಾಶಯದ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಪರಿಹಾರ ನಮ್ಮ ಭಾಗದ ಎಷ್ಟೋ ಮನೆಗಳ ಪ್ರಶ್ನೆ. ಹಿಂದಿನ ಸರ್ಕಾರದ ಕಾಲದಲ್ಲಿ ಮುಳುಗಡೆ ಜಮೀನಿಗೆ ಎಕರೆಗೆ ಒಣಭೂಮಿಗೆ 20 ಲಕ್ಷ, ನೀರಾವರಿಗೆ 24 ಲಕ್ಷ ರೂ. ಅಂತ ದರ ಇತ್ತು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಅದನ್ನು ಒಣಭೂಮಿಗೆ 30 ಲಕ್ಷ, ನೀರಾವರಿಗೆ 40 ಲಕ್ಷ ಅಂತ ತೀರ್ಮಾನಿಸಿತು. ಕಾಲುವೆಗೆ ಹೋಗುವ ಜಮೀನಿಗೆ ಬೇರೆ ದರ: ಒಣಭೂಮಿಗೆ 25 ಲಕ್ಷ, ನೀರಾವರಿಗೆ 30 ಲಕ್ಷ.

ಈಗ ನೋಡ್ರಿ. ಎಐ ಕೈಗೆ ಹಳೇ ಸುದ್ದಿ ಸಿಕ್ಕರೆ '24 ಲಕ್ಷ' ಅನ್ನುತ್ತೆ. ನಂಬರ್ ಒತ್ತಿದ್ರೆ ದಾಖಲೆಯೂ ಇರುತ್ತೆ, ಸುಳ್ಳೇನಲ್ಲ, ಆದ್ರೆ ಹಳೇದು. ಇನ್ನೊಂದು ತೊಂದರೆ: '30 ಲಕ್ಷ' ಎರಡು ಕಡೆ ಬರುತ್ತೆ. ತುಣುಕು ಮಾಡುವಾಗ 'ಮುಳುಗಡೆ', 'ಕಾಲುವೆ' ಅನ್ನೋ ತಲೆಬರಹ ಒಂದು ಕಡೆ, ಅಂಕಿ ಒಂದು ಕಡೆ ಆದ್ರೆ, ಮುಳುಗಡೆ ಆಗುವ ನೀರಾವರಿ ಜಮೀನಿಗೂ 30 ಲಕ್ಷ ಅಂತ ಬರೆದುಬಿಡಬಹುದು. ಎಕರೆಗೆ 10 ಲಕ್ಷದ ವ್ಯತ್ಯಾಸ!

ಊರ ಹೆಸರು, ಹಳೇ ಅಕ್ಷರ

ನಮ್ಮ ಜಿಲ್ಲೆ 2014ರ ನವೆಂಬರ್ 1ರಿಂದ ವಿಜಯಪುರ. ಹಳೇ ಕಾಗದದಲ್ಲೆಲ್ಲ ಬಿಜಾಪುರ. ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಹುಡುಕಾಟದಲ್ಲಿ ಅಲ್ಲಿಯ ಕಾಗದ ಬಂದು ಕೂತರೆ ಆಶ್ಚರ್ಯ ಇಲ್ಲ. 2011ರ ಜನಗಣತಿ ಪ್ರಕಾರ ಜಿಲ್ಲೆಗೆ ಐದೇ ತಾಲೂಕು. ಆಮೇಲೆ ಚಡಚಣ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ, ದೇವರ ಹಿಪ್ಪರಗಿ, ಆಲಮೇಲ ಎಲ್ಲ ತಾಲೂಕಾದವು. ಹಾಗಾಗಿ ಎಐ ಹೇಳುವ 'ಸಿಂದಗಿ ತಾಲೂಕಿನ ಜನಸಂಖ್ಯೆ' ಈಗಿನ ಸಿಂದಗಿಯದ್ದಾ, ಹಳೇ ದೊಡ್ಡ ಸಿಂದಗಿಯದ್ದಾ ಅಂತ ಕೇಳಿಕೊಳ್ಳಬೇಕು.

ಕನ್ನಡದ್ದೇ ಒಂದು ತಾಪತ್ರಯವೂ ಇದೆ. ಯುನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ನಮಗೆ ಕನ್ನಡವಾಗಿ ಕಂಡರೂ ಒಳಗಡೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ಯಾನ್ ಮಾಡಿದ ಕಾಗದ ಅಂದ್ರೆ ಬರೀ ಫೋಟೋ. ಇಂಥವನ್ನು ಎಐ ತಪ್ಪಾಗಿ ಓದಬಹುದು, ಇಲ್ಲಾ ಬಿಟ್ಟೇಬಿಡಬಹುದು. ಕೈಬರಹದ ಹಳೇ ಪಹಣಿ, ಮಾಸಿದ ಸರ್ವೇ ನಂಬರ್ ಇದ್ದಲ್ಲಂತೂ ಇನ್ನೂ ಹುಷಾರಾಗಿರಬೇಕು.

ಕೋರ್ಟಿನಲ್ಲೇ ಆದದ್ದು

2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಇಲ್ಲದೇ ಇರುವ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯ್ತು. 'ಇವು ನಿಜವಾ?' ಅಂತ ಅದನ್ನೇ ಕೇಳಿದ್ದರು, 'ಹೌದು' ಅಂದಿತ್ತು!

ನಮ್ಮ ರಾಜ್ಯದಲ್ಲೂ 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡು, ಆದೇಶವನ್ನೇ ವಾಪಸ್ ಪಡೆಯಬೇಕಾಯ್ತು. ಎಐ ಬಳಸಿದ್ದೇ ಕಾರಣ ಇರಬೇಕು ಅಂತ ಆಗ ಚರ್ಚೆ ಆಯ್ತು. 2025ರ ಮಾರ್ಚಿನಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲೂ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಜಿಲ್ಲಾ ನ್ಯಾಯಾಂಗದಲ್ಲಿ ಎಐ ಬಳಕೆಗೆ ನೀತಿಯನ್ನೇ ಹೊರಡಿಸಿತು.

ಹಾಗಾದ್ರೆ ಏನು ಮಾಡಬೇಕು?

* ನಂಬರ್ ಒತ್ತಿ ಮೂಲ ಕಾಗದ ತೆಗೀರಿ. ಎಐ ಹೇಳಿದ ಮಾತು ಆ ಪುಟದಲ್ಲಿ ಇದೆಯಾ ನೋಡ್ರಿ.

* ಆದೇಶದ ದಿನಾಂಕ ನೋಡ್ರಿ. ನಂತರ ತಿದ್ದುಪಡಿ ಬಂದಿದೆಯಾ ವಿಚಾರಿಸಿ.

* ನಿಮ್ಮ ಹತ್ತಿರ ಕಾಗದ ಇದ್ದರೆ ಅದನ್ನೇ ಹಾಕಿ, 'ಇದರಲ್ಲಿ ಇದ್ದಷ್ಟೇ ಹೇಳು, ಇಲ್ಲದಿದ್ರೆ ಇಲ್ಲ ಅನ್ನು, ಆ ಸಾಲನ್ನು ಹಾಗೇ ತೋರಿಸು' ಅಂತ ಕೇಳಿ.

* ಹಣ, ಜಮೀನಿನ ವಿಸ್ತೀರ್ಣ, ಸರ್ವೇ ನಂಬರ್, ಕೊನೇ ದಿನಾಂಕ ಇವನ್ನು ಕಣ್ಣಾರೆ ನೋಡದೆ ಅರ್ಜಿಯಲ್ಲಿ ಬರೀಬೇಡ್ರಿ.

* 'ಇದು ನಿಜವಾ?' ಅಂತ ಎಐಗೇ ಕೇಳಿ ಸಮಾಧಾನ ಪಡಬೇಡ್ರಿ. ಪಹಣಿಯಾದ್ರೆ ಭೂಮಿ ತಂತ್ರಾಂಶದಲ್ಲಿ, ತೀರ್ಪಾದ್ರೆ ಕೋರ್ಟಿನ ವೆಬ್‌ಸೈಟಿನಲ್ಲಿ, ಆದೇಶವಾದ್ರೆ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ.

ಅರ್ಜಿ ಬರೆಯುವ ಶ್ರಮ ಎಐ ಕಡಿಮೆ ಮಾಡುತ್ತೆ, ಬಳಸಲು ಅಡ್ಡಿಯಿಲ್ಲ. ಆದ್ರೆ ಕೆಳಗೆ ಸಹಿ ಇರೋದು ನಿಮ್ಮದು. ಅರ್ಜಿ ತಿರಸ್ಕಾರ ಆದ್ರೆ ಮತ್ತೆ ಕಚೇರಿಗೆ ಅಲೆಯೋರೂ ನೀವೇ.