ತವರಿನ ಸೀರೆ

ನಾಗಮಂಗಲದಲ್ಲಿ ಪಾಂಡವಪುರದ ಬಸ್ಸು ಹತ್ತಿದರೆ ಜಕ್ಕನಹಳ್ಳಿ ಬರುವ ತನಕ ಕಿಟಕಿಯಾಚೆ ಹೆಚ್ಚಿನದೆಲ್ಲ ಬೆದ್ದಲು. ರಾಗಿ, ಹುರುಳಿ, ಸಾಲಿನಲ್ಲಿ ಅವರೆ, ನಡುನಡುವೆ ತೆಂಗು. ಮೇಲುಕೋಟೆಗೆ ತಿರುಗುವ ದಾರಿ ಹಿಂದಾಗಿ ಕುಂತಿಬೆಟ್ಟ ಕಾಣುವ ಹೊತ್ತಿಗೆ ನೆಲದ ಬಣ್ಣವೇ ಬೇರೆ: ಗದ್ದೆ, ಕಬ್ಬು, ಆಲೆಮನೆಯ ಹೊಗೆ. ಕನ್ನಂಬಾಡಿ ಕಟ್ಟೆಯ ನೀರು ಕಂಡ ನೆಲ ಅದು. ಹೆಣ್ಣು ಕೊಡುವಾಗ ನಮ್ಮ ಕಡೆಯ ಹಿರಿಯರು ಹುಡುಗನಿಗಿಂತ ಮೊದಲು ನಾಲೆಯನ್ನು ನೋಡುತ್ತಿದ್ದರು. ನಮ್ಮ ಸೋದರತ್ತೆ ಹೋದದ್ದೂ ಹಾಗೆಯೇ, ಬೆದ್ದಲಿನಿಂದ ಗದ್ದೆಗೆ.

ಅತ್ತೆ ತವರಿಗೆ ಬಂದಳೆಂದರೆ ಬಸ್ಸಿನಿಂದ ಮೊದಲು ಇಳಿಯುತ್ತಿದ್ದುದು ಚೀಲ. ಅಚ್ಚುಬೆಲ್ಲ, ಹೊಸ ಅಕ್ಕಿ, ಸಂಕ್ರಾಂತಿಯಾದರೆ ಕಬ್ಬಿನ ಜಲ್ಲೆ. ಹೋಗುವಾಗ ಅದೇ ಚೀಲದಲ್ಲಿ ರಾಗಿ ಹಿಟ್ಟು, ಹುರುಳಿ, ಅವರೆಕಾಯಿ. ಗದ್ದೆ ಸೀಮೆಯ ರಾಗಿಗೆ ರುಚಿಯಿಲ್ಲ ಎಂಬುದು ಅವಳ ತೀರ್ಪು. ಮಾವ ಎಷ್ಟೋ ಸಲ ವಾದಿಸಿ ಸೋತಿದ್ದರು. ಚೀಲ ಇಳಿಸಿ ನೀರು ಕುಡಿಯುವ ಮೊದಲೇ ನನ್ನ ಗಲ್ಲ ಹಿಡಿಯುವಳು. "ಯಾಕ್ ಮಗ, ಹಿಂಗೆ ಒಣಗೋಗಿದ್ದೀಯ? ನಿಮ್ಮವ್ವ ಉಣ್ಣಾಕೆ ಇಕ್ಕಾಕಿಲ್ವ?" ಇದನ್ನು ಅವ್ವನ ಎದುರಿಗೇ ಕೇಳುವಳು. ಅವ್ವ ನಕ್ಕು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುವಳು.

ಅಪ್ಪನ ಮದುವೆಯಲ್ಲಿ ಕಳಸ ಹಿಡಿದವಳು ಅವಳೇ. ಮದುವಣಗಿತ್ತಿ ಮನೆ ತುಂಬುವಾಗ ಬಾಗಿಲಿಗೆ ಅಡ್ಡ ನಿಂತು, ಹುಟ್ಟುವ ಮಗಳನ್ನು ತನ್ನ ಮಗನಿಗೆ ಕೊಡುವ ಮಾತು ಪಡೆದೇ ಒಳಗೆ ಬಿಟ್ಟವಳೂ ಅವಳೇ. ಹುಟ್ಟಿದ್ದು ನಾನು. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಿದಳಂತೆ, ಜೊತೆಗೆ "ಮೋಸ ಮಾಡ್ಬುಟ್ಟೆ" ಅಂತಲೂ.

ಮದುವೆ ಮನೆಗಳಲ್ಲಿ ಅವಳ ಸೋಬಾನೆ ಇಲ್ಲದೆ ಹಸೆ ಮೇಲೇಳುತ್ತಿರಲಿಲ್ಲ. ನಮ್ಮ ನಾಗಮಂಗಲ ತಾಲ್ಲೂಕಿನದೇ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಇಂಥ ಹೆಂಗಸರ ಬಾಯಿಂದಲೇ ಪದಗಳನ್ನು ಬರೆದುಕೊಂಡವರು. ನಮ್ಮತ್ತೆಯ ಪದಗಳನ್ನು ಯಾರೂ ಬರೆದುಕೊಳ್ಳಲಿಲ್ಲ. ಮನೆಯಲ್ಲಿ ಓದು ಬಲ್ಲವರೆಲ್ಲ ಆಗ ಹೊರಗೆ ಇಸ್ಪೀಟಿನಲ್ಲಿ ಇರುತ್ತಿದ್ದರು. ಅಣ್ಣ, ತವರು, ತವರಿನ ಸೀರೆ. ಅವಳ ಪದಗಳಲ್ಲಿ ಬಹುಪಾಲು ಇವೇ.

ಸೀರೆಯ ವಿಷಯಕ್ಕೆ ಬಂದರೆ, ಗೌರಿ ಹಬ್ಬದ ಸೀರೆಯನ್ನು ಆರಿಸುತ್ತಿದ್ದವಳು ಅವಳೇ. ಸೌಮ್ಯಕೇಶವ ದೇವಸ್ಥಾನಕ್ಕೆ ಕೈಮುಗಿದು ಪೇಟೆಗೆ ಹೋಗಿ, ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚು ತಿಕ್ಕಿ, ಚೌಕಾಸಿ ಮಾಡಿ ಅಂಗಡಿಯವನನ್ನು ಸುಸ್ತು ಮಾಡುವಳು. ದುಡ್ಡು ಎಣಿಸಿ ಕೊಡುವುದಷ್ಟೇ ಅಪ್ಪನ ಕೆಲಸ.

ಅವಳು ಹೋದ ಬೆಳಿಗ್ಗೆ ಮೊದಲ ಸಲ ಅಪ್ಪ ಒಬ್ಬನೇ ಸೀರೆ ಕೊಂಡ. ನಮ್ಮ ಕಡೆ ಮುತ್ತೈದೆ ಹೋದರೆ ತವರಿನ ಸೀರೆ ಮೈಮೇಲೆ ಬೀಳದೆ ಎತ್ತುವುದಿಲ್ಲ. ಅರ್ಧ ಬಾಗಿಲು ತೆಗೆದಿದ್ದ ಅಂಗಡಿಯಲ್ಲಿ ಹುಡುಗ ಕೇಳಿದ, "ಯಾರಿಗೆ?" "ತಂಗಿಗೆ." "ಯಾವ ಬಣ್ಣ ಇಷ್ಟ ಅವರಿಗೆ?" ಅಪ್ಪ ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ. ಕೊನೆಗೆ ಹಸಿರೊಂದನ್ನು ಎತ್ತಿಕೊಂಡು ಸೆರಗನ್ನು ಬೆಳಕಿಗೆ ಹಿಡಿದ, ಅಂಚು ತಿಕ್ಕಿದ, ಚೌಕಾಸಿಗೂ ಇಳಿದ. ನನಗೆ ನಾಚಿಕೆಯಾಯಿತು. ಕಾರು ಹತ್ತಿದ ಮೇಲೆ ಹೇಳಿದ: "ಕೇಳ್ದಷ್ಟು ಕೊಟ್ಬುಟ್ರೆ ಅವಳು ಬೈತಾಳೆ." ಜಕ್ಕನಹಳ್ಳಿ ದಾಟುವವರೆಗೆ ಆಡಿದ್ದು ಅದೊಂದೇ ಮಾತು.

ಅವಳ ಮಗ ಬೂದಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟ. ಪೂರ್ವಕ್ಕೆ ಹರಿಯುವ ಕಾವೇರಿ ಶ್ರೀರಂಗಪಟ್ಟಣದ ಬಳಿ ಸ್ವಲ್ಪ ದೂರ ಪಡುವಣಕ್ಕೆ ತಿರುಗುವ ಜಾಗ; 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ಬಿಟ್ಟದ್ದೂ ಅಲ್ಲಿಯೇ. ಕಟ್ಟೆಯಿಂದ ನಾಲೆಗೆ ಹೋಗದೆ ಉಳಿದ ನೀರು ಅದು. ನಾವು ತವರಿನವರು ಮೆಟ್ಟಿಲ ಮೇಲೆ ನಿಂತಿದ್ದೆವು, ನೆಂಟರ ಹಾಗೆ. ಹಾಲುತುಪ್ಪ, ಹನ್ನೊಂದನೇ ದಿನದ ತಿಥಿ, ಎಲ್ಲವೂ ಆ ಮನೆಯದ್ದು. ಅಳುವುದಕ್ಕೂ ತವರಿನವರು ಅಲ್ಲಿ ಎರಡನೇ ಸಾಲು.

ಭಾದ್ರಪದದ ತದಿಗೆಗೆ ಗೌರಿ, ಅದೇ ತಿಂಗಳ ಅಮಾವಾಸ್ಯೆಗೆ ಮಾಲಯ. ವರ್ಷ ತುಂಬಿದ ಮೇಲೆ ಬಂದ ಗೌರಿಗೆ ಸೀರೆ ತರುವ ಕೆಲಸವಿರಲಿಲ್ಲ. ಅಪ್ಪ ಆ ದಿನವೆಲ್ಲ ತೋಟದಲ್ಲೇ ಕಳೆದ. ಪಕ್ಷದ ದಿನ ನೋಡಿದರೆ ತಾತನ ಪಂಚೆ, ಅಜ್ಜಿಯ ಸೀರೆಯ ಪಕ್ಕ ಇನ್ನೊಂದು ಹೊಸ ಸೀರೆ. ಮುಂದೆ ಇನ್ನೊಂದು ಎಲೆ: ಮುದ್ದೆ, ಹುರುಳಿ ಸಾರು, ಒಡೆ, ಕಜ್ಜಾಯ.

ದೊಡ್ಡಪ್ಪನ ಕಣ್ಣು ಅಲ್ಲೇ ಬಿತ್ತು. "ಇದ್ಯಾರ್ದ್ಲಾ? ಕೊಟ್ಟ ಹೆಣ್ಗೆ ಇಲ್ಲಿ ಎಡೆ ಇಕ್ಕಂಗಿಲ್ಲ. ಅವಳ್ದು ಅವಳ ಮನೇಲಿ ಆಯ್ತದೆ."

"ಅಲ್ಲೂ ಉಣ್ಲಿ, ಇಲ್ಲೂ ಉಣ್ಲಿ," ಎಂದ ಅಪ್ಪ, ಎಲೆಗೆ ನೀರು ಚಿಮುಕಿಸುತ್ತ. "ಬಂದೋಳ್ನ ಎಬ್ಬುಸಕ್ಕಾಯ್ತದಾ?"

ದೊಡ್ಡಪ್ಪ ಸ್ವಲ್ಪ ಹೊತ್ತು ಎಲೆಯನ್ನೇ ನೋಡಿದ. "ಇಕ್ಕೋದಾದ್ರೆ ನೆಟ್ಟಗೆ ಇಕ್ಕು ಮತ್ತೆ. ಬರೀ ಹುರುಳಿ ಸಾರು ಯಾಕ್ಲಾ? ಬಾಡೂ ಇಕ್ಕು."