ನಿಮಗಿದು ಗೊತ್ತೆ?: ಗಲ್ಲು ನೋಡಲು 20 ಸಾವಿರ ಜನ!

ಅಮೆರಿಕದಲ್ಲಿ ಕೊನೆಯ ಸಾರ್ವಜನಿಕ ಗಲ್ಲು ನಡೆದದ್ದು 1936ರ ಆಗಸ್ಟ್ 14ರಂದು, ಕೆಂಟಕಿ ರಾಜ್ಯದ ಓವನ್ಸ್‌ಬರೊ ನಗರದಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ರೇಡಿಯೊ, ವಿಮಾನ, ಮಾತನಾಡುವ ಸಿನಿಮಾ ಎಲ್ಲವೂ ಬಂದಾಗಿತ್ತು!

ಗಲ್ಲಿಗೇರಿದವನು ರೇನಿ ಬೆಥಿಯಾ ಎಂಬ ಕಪ್ಪು ಯುವಕ. ವೃದ್ಧೆಯೊಬ್ಬರ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಅವನನ್ನು ಬಂಧಿಸಲಾಗಿತ್ತು. ಅಲ್ಲಿನ ಆಗಿನ ಕಾನೂನಿನಲ್ಲಿ ಕೊಲೆಗೆ ಮರಣದಂಡನೆಯೆಂದರೆ ಜೈಲಿನ ಗೋಡೆಗಳ ಒಳಗೆ ವಿದ್ಯುತ್ ಕುರ್ಚಿ. ಅತ್ಯಾಚಾರಕ್ಕೆ ಮಾತ್ರ ಅದೇ ಊರಿನಲ್ಲಿ ಬಹಿರಂಗ ಗಲ್ಲು ವಿಧಿಸಬಹುದಿತ್ತು. ಹಾಗಾಗಿ ಸರ್ಕಾರಿ ವಕೀಲರು ಕೊಲೆಯ ಆರೋಪವನ್ನು ಬದಿಗಿಟ್ಟು ಅತ್ಯಾಚಾರದ್ದನ್ನಷ್ಟೇ ಮುಂದಿಟ್ಟರು. ಜ್ಯೂರಿ ಐದೇ ನಿಮಿಷದೊಳಗೆ ಮರಣದಂಡನೆ ಹೇಳಿತು. ಒಂದು ಜೀವದ ವಿಷಯದಲ್ಲಿ ಎಂಥ ಅವಸರ!

ಓವನ್ಸ್‌ಬರೊ ಇರುವ ಕೌಂಟಿಯ (ಜಿಲ್ಲೆಯ) ಶೆರೀಫ್, ಅಂದರೆ ಕಾನೂನು ಪಾಲನೆಯ ಅಧಿಕಾರಿ, ಆಗ ಒಬ್ಬ ಮಹಿಳೆ, ಫ್ಲಾರೆನ್ಸ್ ಥಾಂಪ್ಸನ್. ಶೆರೀಫ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಆ ಹುದ್ದೆ ಅವರ ಪಾಲಿಗೆ ಬಂದಿತ್ತು. ಗಲ್ಲಿಗೇರಿಸುವ ಹೊಣೆಯೂ ಶೆರೀಫರದೇ ಆಗಿತ್ತು. ಹೆಂಗಸು ಗಂಡಸನ್ನು ನೇಣಿಗೇರಿಸುತ್ತಾಳಂತೆ ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಪತ್ರಕರ್ತರ ದಂಡೇ ಬಂದಿಳಿಯಿತು. ಸುಮಾರು 20 ಸಾವಿರ ಜನ ಸೇರಿದರು. ಮಾಡುಗಳ ಮೇಲೆ, ಕಂಬಗಳ ಮೇಲೆ ಕೂಡ ಜನವೋ ಜನ. ಬೆಥಿಯಾ ನೇಣುಗಂಬದ ಬುಡದಲ್ಲಿ ಶೂ ಕಳಚಿ, ಹೊಸ ಕಾಲುಚೀಲ ಹಾಕಿಕೊಂಡು ಮೆಟ್ಟಿಲೇರಿದ. ಥಾಂಪ್ಸನ್ ಮಾತ್ರ ನೇಣುಗಂಬದ ಬಾಗಿಲು ತೆರೆಯುವ ಸನ್ನೆಗೋಲು ಮುಟ್ಟಲಿಲ್ಲ. ಅದನ್ನು ಎಳೆಯಲು ಬಂದವನು ಲೂಯಿವಿಲ್‌ನ ಒಬ್ಬ ಮಾಜಿ ಪೊಲೀಸ್, ಅದೂ ಕುಡಿದ ಅಮಲಿನಲ್ಲಿ.

ಜಾತ್ರೆಯಂತೆ ನಡೆದ ಈ ಸಾವಿನ ವರದಿಗಳು ಕೆಂಟಕಿಯ ಮಾನ ಕಳೆದವು. 1938ರಲ್ಲಿ ರಾಜ್ಯ ಸಾರ್ವಜನಿಕ ಗಲ್ಲಿನ ಕಾನೂನನ್ನೇ ರದ್ದುಪಡಿಸಿತು.