ಮೋಟಾರ್‌ಸೈಕಲ್ ಜಿಪಿಎಸ್ ಸಾಧನ

ಮೋಟಾರ್‌ಸೈಕಲ್ ಜಿಪಿಎಸ್ ಸಾಧನವು ದ್ವಿಚಕ್ರ ವಾಹನದ ಹ್ಯಾಂಡಲ್‌ಗೆ ಅಳವಡಿಸಿ, ಉಪಗ್ರಹ ಸಂಕೇತಗಳ ನೆರವಿನಿಂದ ಸ್ಥಳ ಹಾಗೂ ಮಾರ್ಗವನ್ನು ತಿಳಿಯಲು ಬಳಸುವ ಉಪಕರಣ. ಕಾರಿನೊಳಗಿನ ಸಾಧನಕ್ಕೆ ಹೋಲಿಸಿದರೆ ಇದು ಮಳೆ, ಧೂಳು, ಬಿಸಿಲು ಮತ್ತು ಕಂಪನಗಳಿಗೆ ನೇರವಾಗಿ ಒಡ್ಡಿಕೊಳ್ಳುತ್ತದೆ. ಆದ್ದರಿಂದ ಇದರ ಆಯ್ಕೆಯಲ್ಲಿ ಬೆಲೆಯಷ್ಟೇ ಜಲನಿರೋಧಕತೆಯೂ ಮುಖ್ಯವಾಗುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಂತಹ ನದಿತೀರದ ಪ್ರದೇಶಗಳಲ್ಲಿ ಸಾಧನದ ಗುಣಮಟ್ಟದ ಜೊತೆಗೆ ಅದರ ಮಿತಿಗಳ ಅರಿವೂ ಅಗತ್ಯ.

ಉಪಗ್ರಹ ವ್ಯವಸ್ಥೆಗಳು

ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಸ್ಥಾನವನ್ನು ನಿಖರವಾಗಿ ಲೆಕ್ಕಹಾಕಲು ಗ್ರಾಹಕ ಸಾಧನವು ಕನಿಷ್ಠ 4 ಉಪಗ್ರಹಗಳ ಸಂಕೇತವನ್ನು ಪಡೆಯಬೇಕು. ನಾಗರಿಕ ಸಂಕೇತದ ನಿಖರತೆಯನ್ನು ಉದ್ದೇಶಪೂರ್ವಕವಾಗಿ ಕುಗ್ಗಿಸುವ ಪದ್ಧತಿಯನ್ನು 2000ರ ಮೇ ತಿಂಗಳಲ್ಲಿ ಕೈಬಿಡಲಾಯಿತು. ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಇಸ್ರೋ 2013ರ ಜುಲೈ 1ರಂದು ಉಡಾಯಿಸಿತು. ಈ ವ್ಯವಸ್ಥೆಯ ಸಂಚರಣಾ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಹಲವು ವ್ಯವಸ್ಥೆಗಳ ಸಂಕೇತವನ್ನು ಒಟ್ಟಿಗೆ ಸ್ವೀಕರಿಸುವ ಸಾಧನವು ಗುಡ್ಡ, ಕಟ್ಟಡ ಮತ್ತು ಮರಗಳ ನಡುವೆ ಸ್ಥಾನವನ್ನು ಬೇಗ ಗುರುತಿಸುತ್ತದೆ.

ಜಲನಿರೋಧಕತೆಯ ಶ್ರೇಣಿ

ಸಾಧನದ ಮೇಲೆ ನಮೂದಿಸುವ ಐಪಿ ಸಂಕೇತವು ಐಇಸಿ 60529 ಮಾನದಂಡಕ್ಕೆ ಸೇರಿದೆ. ಮೊದಲ ಅಂಕಿ ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಅಂಕಿಯ ಸ್ಥಾನದಲ್ಲಿ ‘ಎಕ್ಸ್’ ಇದ್ದರೆ ಆ ಗುಣಕ್ಕೆ ಶ್ರೇಣಿಯನ್ನು ನಮೂದಿಸಿಲ್ಲ ಎಂದರ್ಥ.

• ಐಪಿಎಕ್ಸ್4: ಎಲ್ಲ ದಿಕ್ಕುಗಳಿಂದ ಸಿಡಿಯುವ ನೀರಿನಿಂದ ರಕ್ಷಣೆ.
• ಐಪಿಎಕ್ಸ್5 ಮತ್ತು ಐಪಿಎಕ್ಸ್6: ನೀರಿನ ಧಾರೆ ಹಾಗೂ ಪ್ರಬಲ ಧಾರೆಯಿಂದ ರಕ್ಷಣೆ.
• ಐಪಿಎಕ್ಸ್7: 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ರಕ್ಷಣೆ.

ಐಪಿಎಕ್ಸ್7 ಶ್ರೇಣಿ ಪಡೆದ ಮಾತ್ರಕ್ಕೆ ಸಾಧನವು ನೀರಿನ ಧಾರೆಯನ್ನೂ ತಡೆಯುತ್ತದೆ ಎನ್ನಲಾಗದು. ಅವು ಬೇರೆ ಬೇರೆ ಪರೀಕ್ಷೆಗಳು. ವೇಗವಾಗಿ ಚಲಿಸುವ ವಾಹನಕ್ಕೆ ಎದುರಾಗುವ ಮಳೆಯು ನಿಂತ ನೀರಿಗಿಂತ ಧಾರೆಯನ್ನೇ ಹೆಚ್ಚು ಹೋಲುತ್ತದೆ. ಚಾರ್ಜಿಂಗ್ ರಂಧ್ರದ ಮುಚ್ಚಳ ತೆರೆದಿದ್ದರೆ ಅನೇಕ ಸಾಧನಗಳಲ್ಲಿ ಈ ರಕ್ಷಣೆ ಉಳಿಯುವುದಿಲ್ಲ. ಮಳೆಯಲ್ಲೇ ಚಾರ್ಜ್ ಮಾಡಬೇಕಾದವರಿಗೆ ಜಲನಿರೋಧಕ ತೊಟ್ಟಿಲು ಇರುವ ಸಾಧನ ಸೂಕ್ತ.

ಕಡಿಮೆ ವೆಚ್ಚದ ಆಯ್ಕೆಗಳು

ಗಾರ್ಮಿನ್ ಕಂಪನಿಯ ಜೂಮೋ ಸರಣಿಯಂತಹ ಸಾಧನಗಳನ್ನು ಮೋಟಾರ್‌ಸೈಕಲ್‌ಗಾಗಿಯೇ ರೂಪಿಸಲಾಗಿದ್ದು, ಅವು ದುಬಾರಿ. ಇವುಗಳ ಪರದೆ ಬಿಸಿಲಿನಲ್ಲಿಯೂ ಕಾಣುತ್ತದೆ ಮತ್ತು ಕೈಗವಸು ಧರಿಸಿ ಬಳಸಬಹುದು. ಅದೇ ಕಂಪನಿಯ ಈಟ್ರೆಕ್ಸ್ ಸರಣಿಯ ಚಾರಣ ಸಾಧನಗಳು ಅಗ್ಗ; ಅವುಗಳಲ್ಲಿ ಹಲವು ಎಎ ಗಾತ್ರದ ಎರಡು ಬ್ಯಾಟರಿಗಳಿಂದ ನಡೆಯುವುದರಿಂದ ಸಣ್ಣ ಊರಿನ ಅಂಗಡಿಯಲ್ಲೂ ಬ್ಯಾಟರಿ ದೊರೆಯುತ್ತದೆ. ಆದರೆ ಪರದೆ ಚಿಕ್ಕದು, ಆರಂಭಿಕ ಮಾದರಿಗಳಲ್ಲಿ ವಿವರವಾದ ರಸ್ತೆ ನಕ್ಷೆ ಇರುವುದಿಲ್ಲ.

ಮೂರನೆಯ ಆಯ್ಕೆ, ಜಲನಿರೋಧಕ ಮೊಬೈಲ್ ಅಥವಾ ರಕ್ಷಣಾ ಚೀಲದಲ್ಲಿಟ್ಟ ಹಳೆಯ ಮೊಬೈಲ್. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆಸ್‌ಮ್ಯಾಂಡ್‌ನಂತಹ ತಂತ್ರಾಂಶಗಳಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಮಾರ್ಗ ತಿಳಿಯುತ್ತದೆ. ಶಕ್ತಿಶಾಲಿ ಎಂಜಿನ್‌ಗಳ ಕಂಪನದಿಂದ ಮೊಬೈಲ್ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆಗೆ ಹಾನಿಯಾಗಬಹುದೆಂದು ಆಪಲ್ ಕಂಪನಿ 2021ರಲ್ಲಿ ಎಚ್ಚರಿಸಿತು. ಕಂಪನ ತಗ್ಗಿಸುವ ಹಿಡಿಕೆಯಿಂದ ಈ ಅಪಾಯ ಕಡಿಮೆಯಾಗುತ್ತದೆ.

ಗಡಿಭಾಗದಲ್ಲಿ ಬಳಕೆ

ಚಿಕ್ಕೋಡಿ ಮತ್ತು ರಾಯಬಾಗ ಪಟ್ಟಣಗಳು ಕೃಷ್ಣಾ ನದಿಯ ದಕ್ಷಿಣಕ್ಕೂ, ಕಾಗವಾಡ ಮತ್ತು ಅಥಣಿ ಉತ್ತರಕ್ಕೂ ಇವೆ. ಆದ್ದರಿಂದ ಇವುಗಳ ನಡುವಿನ ಪ್ರಯಾಣದಲ್ಲಿ ನದಿ ದಾಟುವುದು ಅನಿವಾರ್ಯ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಮೇಲೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡದಂತಹ ಕೆಳಮಟ್ಟದ ಸೇತುವೆಗಳಿದ್ದು, ಮಳೆಗಾಲದಲ್ಲಿ ಮುಳುಗುತ್ತವೆ. ನೀರು ಬರುವುದು ಮುಖ್ಯವಾಗಿ ಮಹಾರಾಷ್ಟ್ರದ ಸಹ್ಯಾದ್ರಿ ಭಾಗದಿಂದ. ಹೀಗಾಗಿ ಅಥಣಿಯಲ್ಲಿ ಬಿಸಿಲಿದ್ದಾಗಲೂ ಸೇತುವೆ ನೀರಿನಡಿ ಇರಬಹುದು. 2005, 2019 ಮತ್ತು 2021ರಲ್ಲಿ ಈ ಭಾಗ ತೀವ್ರ ಪ್ರವಾಹ ಕಂಡಿತು.

ಉಳಿಸಿಟ್ಟ ನಕ್ಷೆಗೆ ಸೇತುವೆ ಇರುವುದು ತಿಳಿದಿರುತ್ತದೆಯೇ ಹೊರತು ಅದರ ಮೇಲೆ ನೀರು ಹರಿಯುತ್ತಿರುವುದು ತಿಳಿಯದು. ಅತಿ ಹತ್ತಿರದ ದಾರಿ ಹುಡುಕುವ ಸಾಧನವು ಇಂತಹ ಸೇತುವೆಯನ್ನೇ ಸೂಚಿಸಬಹುದು. ಎರೆಮಣ್ಣಿನ ಹೊಲದ ದಾರಿಗಳಿಗೂ ಕರೆದೊಯ್ಯಬಹುದು. ಕಚ್ಚಾ ರಸ್ತೆಗಳನ್ನು ಬಿಡುವ ಸೌಲಭ್ಯವಿರುವ, ಮಾರ್ಗದ ನಡುವೆ ಬೇಕಾದ ಊರುಗಳನ್ನು ಸೇರಿಸಲು ಬಿಡುವ ಸಾಧನ ಇಲ್ಲಿ ಉಪಯುಕ್ತ. ಮಳೆಗಾಲದಲ್ಲಿ ಆಡಳಿತದ ಪ್ರಕಟಣೆ ಹಾಗೂ ಸ್ಥಳೀಯರ ಮಾತನ್ನು ಪರದೆಯ ಸೂಚನೆಗಿಂತ ಮೇಲಾಗಿ ಪರಿಗಣಿಸಬೇಕು.

ನಿರ್ದೇಶಾಂಕಗಳನ್ನು ನಮೂದಿಸುವಾಗಲೂ ಎಚ್ಚರ ಬೇಕು. ಚಿಕ್ಕೋಡಿಯ ಅಕ್ಷಾಂಶ ಸುಮಾರು 16.43 ಡಿಗ್ರಿ, ಅಂದರೆ 16 ಡಿಗ್ರಿ 26 ನಿಮಿಷ. ಇದನ್ನು 16 ಡಿಗ್ರಿ 43 ನಿಮಿಷ ಎಂದು ಓದಿದರೆ ಗುರಿಯು ಸುಮಾರು 32 ಕಿ.ಮೀ. ಉತ್ತರಕ್ಕೆ, ನೆರೆಯ ಮಹಾರಾಷ್ಟ್ರದ ಶಿರೋಳದ ಕಡೆಗೆ ಸರಿಯುತ್ತದೆ.

ಕಾನೂನು ಮತ್ತು ಸುರಕ್ಷತೆ

2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ವಾಹನ ಚಲಾಯಿಸುವಾಗ ಮೊಬೈಲ್‌ನಂತಹ ಸಾಧನವನ್ನು ಮಾರ್ಗ ತಿಳಿಯಲು ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದು. ಗುರಿಯನ್ನು ಹೊರಡುವ ಮುನ್ನವೇ ನಮೂದಿಸುವುದು ಮತ್ತು ಬದಲಾವಣೆ ಬೇಕಾದಾಗ ವಾಹನ ನಿಲ್ಲಿಸುವುದು ಸುರಕ್ಷಿತ ಕ್ರಮ.